ಅಳಿವೆಯ ಅರ್ಧ ಸುತ್ತು

ಸಹೃದಯರಾದ ವಾಚಕ ಮಹಾಶಯರಲ್ಲಿ ಮೊದಲಿಗೆ ಒಂದು ವಿನಮ್ರ ಅರಿಕೆ. ಭಾನುವಾರದ ಈ ಪುಟವನ್ನು ತಾವು ಬಿಡಿಸುವ ಹೊತ್ತಿಗೆ ತಮ್ಮ ಕೈಯಲ್ಲಿ ಕಾಫಿಯ ಲೋಟವಿರುತ್ತದೆ, ಅಂಗಳದಲ್ಲಿ ಎಳೆಬಿಸಿಲಿರುತ್ತದೆ, ಮನಸ್ಸು ಹಗುರವಾದ ಯಾವುದಾದರೊಂದು ಸಂಗತಿಯನ್ನು ಬಯಸುತ್ತಿರುತ್ತದೆ ಎಂಬುದನ್ನು ಬಲ್ಲೆ. ಕಾರುಗಳ ಪಂದ್ಯವೆಂದರೆ ಧೂಳು, ಸದ್ದು, ಯೌವನದ ಹುರುಪು ಎಂದು ಭಾವಿಸಿಕೊಂಡೇ ನಾನೂ ಸಾಸ್ತಾನದಲ್ಲಿ ಬಸ್ಸಿಳಿದವನು. ಆದರೆ ಅಲ್ಲಿ ಕಂಡ ಮನುಷ್ಯನ ಕುರಿತು ಬರೆಯಲು ಕುಳಿತರೆ ಲೇಖನಿ ಹಗುರವಾಗಿ ಓಡಲೊಲ್ಲದು. ಆದ್ದರಿಂದ ತಾವು ಲೋಟವನ್ನು ಪಕ್ಕಕ್ಕಿರಿಸಿ, ನನ್ನೊಡನೆ ಒಂದು ತಗಡಿನ ಶೆಡ್ಡಿನವರೆಗೆ ದಯಮಾಡಿಸಬೇಕು.

ಜನವರಿಯ ಒಂದು ಶನಿವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೋಲ್ ಗೇಟಿನಲ್ಲಿ ನಿಧಾನಿಸುವ ಲಾರಿಗಳ ಬ್ರೇಕಿನ ಉಸಿರು ಹೆದ್ದಾರಿಯ ಕಡೆಯಿಂದ ಕೇಳಿಬರುತ್ತಿದೆ. ಒಳರಸ್ತೆಯ ತಿರುವಿನಲ್ಲಿ, ಪೂರ್ವಕ್ಕೆ ಮುಖ ಮಾಡಿದ ಶೆಡ್ಡಿನೊಳಗೆ ದುಗ್ಗಪ್ಪನವರು ಚಿಕ್ಕದೊಂದು ಬಿಳಿ ಕಾರಿನ ಬಾನೆಟ್ಟು ಎತ್ತಿ ನಿಂತಿದ್ದಾರೆ. ವಯಸ್ಸು ಅರವತ್ತರ ಆಸುಪಾಸು. ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದ್ದಾರೆ. ಎಡಗೈಯಲ್ಲಿ ಸಾಬೂನಿನ ನೊರೆ ತುಂಬಿದ ತೆಂಗಿನ ಗೆರಟೆ, ಬಲಗೈಯಲ್ಲಿ ಗೋಡೆಗೆ ಬಣ್ಣ ಬಳಿಯುವ ಹಳೆಯ ಬ್ರಷ್ಷು. ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪಿನ ಬಾಯಿ ಮುಚ್ಚಿ, ಸೈಕಲ್ ಪಂಪಿನಿಂದ ಅದರೊಳಗೆ ಗಾಳಿ ತುಂಬಿಸಿದ್ದಾರೆ. ಒಂದೊಂದೇ ಸಂದಿಗೆ ನೊರೆ ಹಚ್ಚುತ್ತಾರೆ, ಬಾಗಿ ನೋಡುತ್ತಾರೆ, ಕಾಯುತ್ತಾರೆ.

"ಗುಳ್ಳೆ ಬಂದಲ್ಲಿ ಗಾಳಿ ಸೋರ್ತಾ ಇತ್ತ್ ಅಂದೇಳಿ ಅರ್ಥ," ಎನ್ನುತ್ತಾರೆ, ತಲೆ ಎತ್ತದೆ. "ಒಳ್ಗಿಪ್ಪು ಗಾಳಿನ ಸಮಾ ಉಳ್ಸಿಕಂಡ್ರೆ ಸಾಕ್ ಮಾರಾಯ್ರೆ. ಹೊಸ್ತ್ ಎಂತದೂ ಹಾಕುಕಿಲ್ಲ. ಹಾಕ್ರೆ ಕ್ಲಾಸಿಂದ ಹೊರಗ್."

ಈ 'ಕ್ಲಾಸ್' ಎಂಬ ಮಾತನ್ನು ವಾಚಕರಿಗೆ ಬಿಡಿಸಿ ಹೇಳಬೇಕು. ಬೈಂದೂರಿನ ಬಳಿಯ ಯಡ್ತರೆಯಲ್ಲಿ, ಕೆಂಪು ಮುರಕಲ್ಲಿನ ಬಯಲೊಂದರಲ್ಲಿ ವರ್ಷಕ್ಕೊಮ್ಮೆ ಹವ್ಯಾಸಿಗಳ ಆಟೋಕ್ರಾಸ್ ನಡೆಯುತ್ತದೆ. ಒಂದು ಸಲಕ್ಕೆ ಒಂದೇ ಕಾರು ಓಡುತ್ತದೆ, ಪ್ರತಿಯೊಂದಕ್ಕೂ ಎರಡು ಓಟ. ಕಂಬಗಳ ನಡುವೆ ಬಳಸಿ ಬರಲು ತಗುಲಿದ ಹೊತ್ತಿನಲ್ಲೇ ಸೋಲು ಗೆಲುವು ತೀರ್ಮಾನವಾಗುತ್ತದೆ. ದಿನನಿತ್ಯ ಕೆಲಸಕ್ಕೆ ಓಡಾಡುವ ಟರ್ಬೊ ಕಾರುಗಳಿಗೆಂದೇ ಒಂದು ವರ್ಗವಿದೆ. ಟೈರು ಬದಲಿಸಬಹುದು, ಶಾಕ್ ಅಬ್ಸಾರ್ಬರ್ ಬದಲಿಸಬಹುದು, ಬ್ರೇಕಿನ ಪ್ಯಾಡು ಬದಲಿಸಬಹುದು, ಸ್ಟೆಪ್ನಿ ತೆಗೆದು ಭಾರ ಇಳಿಸಬಹುದು. ಟರ್ಬೊವನ್ನು ಮಾತ್ರ ಮುಟ್ಟುವಂತಿಲ್ಲ.

ಟರ್ಬೊ ಎಂಬುದು ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪುಟ್ಟ ಚಕ್ರ. ಆ ರಭಸ ಅತಿಯಾದಾಗ ಹೊಗೆಯನ್ನು ಬೇರೆ ದಾರಿಗೆ ಬಿಡಲು ಅದರ ಬದಿಯಲ್ಲೊಂದು ಕಿರುಬಾಗಿಲಿದೆ. ಬಾಗಿಲನ್ನು ಹಿಡಿದಿರುವುದು ಒಂದು ಸರಳು. ಸರಳಿನ ತುದಿಯಲ್ಲೊಂದು ನಟ್ಟು. ಅದನ್ನು ಅರ್ಧ ಸುತ್ತು ಬಿಗಿದರೆ ಬಾಗಿಲು ತಡವಾಗಿ ತೆರೆಯುತ್ತದೆ, ಎಂಜಿನ್ನಿಗೆ ಇನ್ನಷ್ಟು ಬಲ ಬರುತ್ತದೆ. ಅದಕ್ಕೆಂದೇ ಪಂದ್ಯದ ದಿನ ಕ್ಲಬ್ಬಿನ ಪರೀಕ್ಷಕರು ಸರಳಿನ ಅಳತೆ ನೋಡಿ, ನಟ್ಟು ಮತ್ತು ಸರಳಿಗೆ ಅಡ್ಡವಾಗಿ ಹಳದಿ ಬಣ್ಣದ ಗೆರೆ ಎಳೆಯುತ್ತಾರೆ. ಓಟ ಮುಗಿದ ಮೇಲೆ ಗೆರೆ ತುಂಡಾಗಿದ್ದರೆ ಕಾರು ಅನರ್ಹ.

ದುಗ್ಗಪ್ಪನವರ ಎದುರು, ಬಂಪರಿನ ಆಚೆ, ನಿಖಿತಾ ಕೈಕಟ್ಟಿ ನಿಂತಿದ್ದಾಳೆ. ಅವರ ತೀರಿಹೋದ ತಮ್ಮ ನಾಗುವಿನ ಮಗಳು. ಬಸ್ರೂರಿನಲ್ಲಿ ತಾಯಿಯೊಂದಿಗಿದ್ದಾಳೆ, ಇದೇ ಬಿಳಿ ಕಾರಿನಲ್ಲಿ ದಿನವೂ ಬ್ರಹ್ಮಾವರದ ಬಿಡಿಭಾಗಗಳ ಅಂಗಡಿಗೆ ಕೆಲಸಕ್ಕೆ ಹೋಗಿಬರುತ್ತಾಳೆ. ನಾಳೆ ಯಡ್ತರೆಯಲ್ಲಿ ಓಡಿಸುವವಳೂ ಅವಳೇ. ನಾನು ಗಮನಿಸುತ್ತಿದ್ದೇನೆ: ಆಕೆಯ ಕಣ್ಣು ಎಂಜಿನ್ನಿನ ಮೇಲಿಲ್ಲ, ದೊಡ್ಡಪ್ಪನ ಬಲಗೈಯ ಮೇಲಿದೆ.

ನೊರೆಯ ಕೆಲಸ ಮುಗಿಯುತ್ತದೆ. ದುಗ್ಗಪ್ಪನವರು ಬ್ರಷ್ಷು ಇಟ್ಟು ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ. ಪೈಪಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಗಿಯುತ್ತಾರೆ. ಬಿಗಿಯುತ್ತ ಬಿಗಿಯುತ್ತ ನನ್ನೊಡನೆ ಮೀನಿನ ಬರಗಾಲದ ವಿಷಯ ಮಾತಾಡುತ್ತಾರೆ. ಮಾತು ಮುಂದುವರಿಯುತ್ತಿರುವಾಗಲೇ ಸ್ಪ್ಯಾನರ್ ಕ್ಲಿಪ್ಪಿನಿಂದ ಜಾರಿ ಕೆಳಗಿಳಿಯುತ್ತದೆ, ಟರ್ಬೊದ ಬದಿಗೆ ಸರಿಯುತ್ತದೆ, ಆ ನಟ್ಟಿನ ಮೇಲೆ ಕೂರುತ್ತದೆ.

"ಹ್ವಾಯ್."

ನಿಖಿತಾ ದನಿ ಏರಿಸಲಿಲ್ಲ. ಕೈ ನಿಂತಿತು. ದುಗ್ಗಪ್ಪನವರು ತಮ್ಮ ಕೈಯನ್ನು ತಾವೇ ನೋಡಿದರು. ಬೇರೆ ಯಾರೋ ಅಲ್ಲಿ ಮರೆತುಹೋದ ವಸ್ತುವನ್ನು ನೋಡುವಂತೆ. ಸ್ಪ್ಯಾನರನ್ನು ನೆಲದ ಮೇಲಿಟ್ಟು, ಹೊರಗೆ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತರು. ಉಳಿದ ಕ್ಲಿಪ್ಪುಗಳನ್ನು ನಿಖಿತಾಳೇ ಬಿಗಿದಳು.

ಅವರ ಪಕ್ಕದಲ್ಲಿ ಕುಳಿತು ನಾನು ಕೇಳಿದ್ದನ್ನು ಇಲ್ಲಿ ಕ್ರಮವಾಗಿ ನಿವೇದಿಸುತ್ತೇನೆ.

ದುಗ್ಗಪ್ಪನವರು ಮೂಲತಃ ಕಾರಿನ ಮೆಕ್ಯಾನಿಕ್ ಅಲ್ಲ. ಗಂಗೊಳ್ಳಿ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಎಂಜಿನ್ ರಿಪೇರಿ ಮಾಡುತ್ತಿದ್ದವರು. ಬೋಟಿನ ಡೀಸೆಲ್ ಎಂಜಿನ್ನಿಗೂ ಟರ್ಬೊ ಇರುತ್ತದೆ. ಇವರ ವಿದ್ಯೆಯೆಲ್ಲ ಅಲ್ಲಿಯದು. ಇಂದಿಗೂ ಕಾರಿನ ತಳವನ್ನು ಸಿಹಿನೀರಿನಲ್ಲಿ ತೊಳೆದು, ಬೋಲ್ಟುಗಳಿಗೆ ತೆಂಗಿನೆಣ್ಣೆ ಸವರದೆ ಹೊರಗೆ ಕಳಿಸುವುದಿಲ್ಲ. ಅದು ಉಪ್ಪುನೀರಿನ ರೂಢಿ. ಆ ಬಂದರಿನ ಮೆಕ್ಯಾನಿಕರಲ್ಲಿ ಇನ್ನೊಂದು ರೂಢಿಯೂ ಇತ್ತು.

"ಬೋಟಿನ ಎಂಜಿನ್ ಕಂಪನಿ ಹೇಳ್ದಷ್ಟೇ ಇಟ್ರೆ ನಡು ಸಮುದ್ರಕ್ಕೆ ಸಾಕ್," ಎನ್ನುತ್ತಾರೆ. "ಹೊಳಿ ಕಡ್ಲ್ ಸೇರು ಅಳಿವೆ ಬಾಗ್ಲಿಗ್ ಸಾಕಾತಿಲ್ಲ. ಮೀನ್ ತುಂಬ್ಕಂಡ್ ಭಾರ ಆಯಿ ಬಪ್ಪತಿಗೆ ಹೊಳಿ ನೀರ್ ಎದ್ರ್ ಬತ್ತ್, ಹಿಂದಿಂದ ತೆರೆ ಹೊಡಿತ್ತ್. ಅಲ್ಲಿ ಒಂಚೂರ್ ದಮ್ ಜಾಸ್ತಿ ಬೇಕ್. ಅದ್ಕೇ ಡೀಸೆಲ್ ಪಂಪಿನ ಸ್ಕ್ರೂಗೆ ಅರ್ಧ ಸುತ್ತ್ ಜಾಸ್ತಿ ಕೊಡುದ್. ಅಳಿವೆ ಸುತ್ತ್ ಅಂದೇಳಿ ಅದ್ಕೆ ಹೆಸ್ರ್. ನಂಗೆ ಕಲ್ಸಿದವ್ರೂ ಹಾಂಗೇ ಮಾಡ್ತಿದ್ರ್."

ಒಂದು ವರ್ಷ ಬೋಟಿನ ಯಜಮಾನರು ಡೀಸೆಲ್ ಬಹಳ ಖರ್ಚಾಗುತ್ತಿದೆ, ಆ ಸುತ್ತು ತೆಗೆದುಬಿಡು ಎಂದರು. ದುಗ್ಗಪ್ಪನವರು ತೆಗೆದರು. ಅದೇ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು ನಾಗು.

"'ಅಣ್ಣ, ಈಗ ಹೊಗಿ ಕಮ್ಮಿ ಆಯ್ತ್, ಕಣ್ಣುರಿ ಇಲ್ಲ' ಅಂದೇಳಿ ನೆಗ್ಯಾಡ್ದ. ಆ ವಾರವೇ."

ಅವರು ಅಷ್ಟಕ್ಕೆ ನಿಲ್ಲಿಸುತ್ತಾರೆ. ಉಳಿದದ್ದನ್ನು ನನಗೆ ಹೇಳಿದವರು ನಾಗುವಿನ ಹೆಂಡತಿ ಜಲಜ. ಮೀನು ತುಂಬಿಕೊಂಡು ಮರಳುತ್ತಿದ್ದ ಬೋಟು ಅಳಿವೆಯಲ್ಲಿ ಮುಂದಕ್ಕೂ ಬರಲಾರದೆ ಹಿಂದಕ್ಕೂ ಹೋಗಲಾರದೆ ನಿಂತುಬಿಟ್ಟಿತು, ಅಡ್ಡಕ್ಕೆ ತಿರುಗಿತು, ಮಗುಚಿತು. ಮೇಲಿದ್ದವರು ಈಜಿ ಮರಳಿನ ದಿಬ್ಬ ಸೇರಿದರು. ನಾಗು ಕೆಳಗೆ, ಎಂಜಿನ್ನಿನ ಬಳಿ ಇದ್ದ. ಆಗ ನಿಖಿತಾ ಇನ್ನೂ ಅಂಗನವಾಡಿಗೆ ಹೋಗುವ ಮಗು.

"ಅದೇ ದಿನ ಇನ್ನೊಂದ್ ಬೋಟೂ ಮಗ್ಚಿತ್. ಅದ್ಕೆ ಸುತ್ತ್ ಕೊಟ್ಟೇ ಇದ್ದಿತ್," ಎನ್ನುತ್ತಾರೆ ಜಲಜ. "ಇದ್ನ ಎಷ್ಟ್ ಸಲ ಹೇಳಿರೂ ಭಾವನ ಕೆಮಿಗ್ ಹೋತಿಲ್ಲ. ಹೇಳಿ ಹೇಳಿ ನಂಗೂ ಸಾಕಾಯ್ತ್."

ನಾಗುವನ್ನು ಮಣ್ಣು ಮಾಡಿದ ಮೇಲೆ ದುಗ್ಗಪ್ಪನವರು ಗಂಗೊಳ್ಳಿಯನ್ನೂ ಬೋಟಿನ ಕೆಲಸವನ್ನೂ ಬಿಟ್ಟರು. ಸಾಸ್ತಾನಕ್ಕೆ ಬಂದು, ಕಡಲಿಗೆ ಬೆನ್ನು ಮಾಡಿ ಈ ಶೆಡ್ಡು ಹಾಕಿದರು. ಇಲ್ಲಿಗೆ ರಿಕ್ಷಾಗಳು ಬರುತ್ತವೆ, ಮೀನಿನ ಟೆಂಪೋಗಳು ಬರುತ್ತವೆ. ಪಂದ್ಯದ ದಿನಗಳಲ್ಲಿ ಕುಂದಾಪುರ, ಬ್ರಹ್ಮಾವರದ ಹುಡುಗರ ಟರ್ಬೊ ಕಾರುಗಳೂ ಬರುತ್ತವೆ. ನಿಯಮ ಹಾಕಿದ ಬೇಲಿಯೊಳಗೇ ಕಾರಿನಿಂದ ಎಷ್ಟು ಪಡೆಯಬಹುದೋ ಅಷ್ಟನ್ನೂ ಅವರು ಪಡೆದುಕೊಡುತ್ತಾರೆ. ಗೆದ್ದ ಕಾರುಗಳ ಮೈಮೇಲೆ ಟೈರಿನವರ, ಆಯಿಲಿನವರ ಹೆಸರುಗಳಿರುತ್ತವೆ. ಇವರ ಹೆಸರನ್ನು ಎಲ್ಲಿಯೂ ಬರೆದದ್ದು ನಾನು ಕಾಣೆ.

ಆದರೆ ಅವರ ಕೈ ಒಂದು ಸಂಗತಿಯನ್ನು ಮರೆಯಲಿಲ್ಲ. ಆ ಸಾವಿನ ನಂತರ, ಯಾವ ಎಂಜಿನ್ನೇ ಎದುರಿಗಿದ್ದರೂ ಬಲ ಹೆಚ್ಚಿಸುವ ನಟ್ಟೊಂದು ಸಿಕ್ಕಿದರೆ ಅವರ ಕೈ ಅದಕ್ಕೆ ಅರ್ಧ ಸುತ್ತು ಕೊಟ್ಟುಬಿಡುತ್ತದೆ. ರಿಕ್ಷಾಕ್ಕಾದರೆ ಯಾರೂ ಕೇಳುವುದಿಲ್ಲ. ಹೋದ ವರ್ಷ ಯಡ್ತರೆಯಲ್ಲಿ ಅದು ನಿಖಿತಾಳ ಕಾರಿಗೆ ಸಂಭವಿಸಿತು.

ಮೊದಲ ಓಟಕ್ಕೂ ಎರಡನೆಯದಕ್ಕೂ ನಡುವಿನ ಬಿಡುವಿನಲ್ಲಿ, ಬಾನೆಟ್ಟು ತೆರೆದು ಎಂಜಿನ್ ತಣಿಸುತ್ತಿದ್ದ ಹೊತ್ತು. ಕ್ಲಿಪ್ಪುಗಳು ಬಿಗಿಯಾಗಿವೆಯೇ ಎಂದು ನೋಡಲು ದುಗ್ಗಪ್ಪನವರು ಕೈ ಹಾಕಿದ್ದರು. ಎರಡನೆಯ ಓಟದಲ್ಲಿ ನಿಖಿತಾ ತನ್ನ ವರ್ಗದಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಪರೀಕ್ಷಕರು ಟಾರ್ಚ್ ಹಿಡಿದು ನೋಡಿದಾಗ ಹಳದಿ ಗೆರೆ ಎರಡು ತುಂಡಾಗಿತ್ತು. ನಿಯಮದಂತೆ ಹೊಣೆಯೆಲ್ಲ ಓಡಿಸುವವರದು. ನೆರೆದ ಜನರ ಮುಂದೆ ಅವಳ ಹೆಸರು ಕರೆದು ಅನರ್ಹ ಎಂದರು. ಬೇರೆಡೆಯ ಪಂದ್ಯಗಳಿಗೂ ಇಳಿಯದಂತೆ ಒಂದು ವರ್ಷದ ನಿಷೇಧ ಹಾಕಿದರು. ಮತ್ತೊಮ್ಮೆ ಹೀಗಾದರೆ ಶಾಶ್ವತವಾಗಿ ಬಾಗಿಲು ಮುಚ್ಚುತ್ತದೆ. ದೊಡ್ಡಪ್ಪ ಮಾಡಿದ್ದು ಎಂದು ಅವಳು ಯಾರಿಗೂ ಹೇಳಲಿಲ್ಲ. ಅಂಗಡಿಗೆ ಬಂದ ಗಿರಾಕಿಗಳು ತಿಂಗಳುಗಟ್ಟಲೆ, "ಎಂತ ನಿಖಿತಾ, ನಮ್ಮ ನಟ್ಟೂ ಒಂಚೂರ್ ತಿರ್ಗ್ಸಿ ಕೊಡ್ತ್ಯಾ?" ಎಂದು ನಗುತ್ತಿದ್ದರು. ಅವರು ಕೇಳಿದ ಸಾಮಾನನ್ನು ಅವಳು ತೆಗೆದುಕೊಟ್ಟು ಬಿಲ್ಲು ಬರೆಯುತ್ತಿದ್ದಳು.

"ಬೇಕಂದೇ ಮಾಡಿದ್ರೆ ಜಗಳ ಮಾಡ್ಲಕ್ಕಿತ್," ಎಂದು ಅವಳು ನನ್ನೊಡನೆ ಹೇಳುತ್ತಾಳೆ, ಬಾನೆಟ್ಟು ಮುಚ್ಚುತ್ತ. "ಬೇಕಂದ್ ಮಾಡ್ಲ. ಅದೇ ತಾಪತ್ರಯ. ನಂಗೆ ಅಪ್ಪಯ್ಯನ ಮುಖ ನೆನ್ಪಿಲ್ಲ. ಸೈಕಲ್ ಕಲ್ಸಿದವ್ರ್ ಇವ್ರ್, ಕಾರ್ ಕಲ್ಸಿದವ್ರ್ ಇವ್ರ್. ನನ್ ಹೆಸ್ರ್ ಹಾಳಾದದ್ದೂ ಇವ್ರ ಕೈಯಿಂದ್ಲೇ. ಯಾರತ್ರ ಹೇಳುದ್?"

ಕಳೆದ ಒಂದು ವರ್ಷ ಅವಳು ಕಾರನ್ನು ಈ ಶೆಡ್ಡಿಗೆ ತಂದಿರಲಿಲ್ಲ. 'ದೊಡ್ಡಪ್ಪಯ್ಯ' ಎಂದು ಕರೆಯುವುದನ್ನೂ ನಿಲ್ಲಿಸಿದ್ದಾಳೆ ಎಂದು ಜಲಜ ಹೇಳುತ್ತಾರೆ. ಏನಿದ್ದರೂ 'ಹ್ವಾಯ್' ಅಷ್ಟೇ. ನಿಷೇಧ ಮುಗಿದ ಮೇಲೆ ಈ ಶನಿವಾರ ಕಾರು ತಂದು ನಿಲ್ಲಿಸಿದ್ದಾಳೆ. ಬೇರೆ ಯಾರೂ ಇಷ್ಟು ಚೆನ್ನಾಗಿ ಸಜ್ಜು ಮಾಡಲಾರರೆಂದೋ, ಇನ್ನೇತಕ್ಕೋ, ನಾನು ಹೇಳಲಾರೆ.

ಮರುದಿನ ಬೆಳಿಗ್ಗೆ ಅದೇ ಕಾರಿನಲ್ಲಿ ನಾವು ನಾಲ್ವರು ಬಡಗು ದಿಕ್ಕಿಗೆ ಹೊರಡುತ್ತೇವೆ. ಮುಂದೆ ನಿಖಿತಾಳ ಪಕ್ಕ ಕೂರಿರೆಂದು ಜಲಜ ಹೇಳಿದರೂ ದುಗ್ಗಪ್ಪನವರು ಒಪ್ಪುವುದಿಲ್ಲ; ಹಿಂದಿನ ಸೀಟಿನ ಬಲಗಡೆ ಕೂರುತ್ತಾರೆ. ಕಾರಣ ನನಗೆ ಮರವಂತೆಯಲ್ಲಿ ತಿಳಿಯುತ್ತದೆ. ಅಲ್ಲಿ ಹೆದ್ದಾರಿಯ ಎಡಕ್ಕೆ ಕಡಲು, ಬಲಕ್ಕೆ ಹೊಳೆ. ಆ ದೂರವೆಲ್ಲ ಅವರು ಹೊಳೆಯನ್ನೇ ನೋಡುತ್ತ ಕುಳಿತಿರುತ್ತಾರೆ. ಜಲಜ ತೊಡೆಯ ಮೇಲೆ ಊಟದ ಬುತ್ತಿ ಇಟ್ಟುಕೊಂಡು, "ಬಂಗುಡೆ ಸಾರ್ ಚೆಲ್ರೆ ನಿನ್ ಕಾರಿಗೆ ಜನ್ಮ ಪೂರ್ತಿ ವಾಸನೆ, ನಿಧಾನ ಹೋಯ್ಕ್," ಎಂದು ಮಗಳನ್ನು ಎಚ್ಚರಿಸುತ್ತಾರೆ. "ರೇಸಿಗೆ ಹೋಪುದ್ ಅಮ್ಮ, ಮೀನ್ ಮಾರುಕಲ್ಲ," ಎನ್ನುತ್ತಾಳೆ ನಿಖಿತಾ. "ಮೀನ್ ಮಾರಿಯೇ ಕಾರಿಗೆ ಪೆಟ್ರೋಲ್ ಬಂದದ್ದ್," ಎನ್ನುತ್ತಾರೆ ತಾಯಿ. ಹಿಂದೆ ಕುಳಿತ ದುಗ್ಗಪ್ಪನವರು ನಗುವುದಿಲ್ಲ.

ಯಡ್ತರೆಯ ಬಯಲಿನಲ್ಲಿ ಪರೀಕ್ಷಕ ಅಶೋಕ್ ಬಾನೆಟ್ಟಿನೊಳಗೆ ಬಾಗಿ ಹಳದಿ ಗೆರೆ ಎಳೆಯುತ್ತಾರೆ. ಹೋದ ವರ್ಷ ಗೆರೆ ತುಂಡಾದದ್ದನ್ನು ಕಂಡವರೂ ಅವರೇ. ಅದೇ ಹೊತ್ತಿಗೆ ದುಗ್ಗಪ್ಪನವರು ಡಿಕ್ಕಿ ತೆರೆದು ಸ್ಟೆಪ್ನಿ ಟೈರನ್ನು ಹೊರತೆಗೆಯುತ್ತಾರೆ. ಭಾರ ಇಳಿಸಲು ಎಲ್ಲರೂ ತೆಗೆಯುವಂಥದೇ. ಎಲ್ಲರೂ ತೆಗೆದು ನೆಲಕ್ಕೆ ಒರಗಿಸುತ್ತಾರೆ. ಇವರು ಅದನ್ನು ಎರಡೂ ತೋಳುಗಳಲ್ಲಿ ಎದೆಗವಚಿಕೊಂಡು ನಿಂತುಬಿಡುತ್ತಾರೆ.

"ಭಾವ, ಬಾಣಂತಿ ಮಗು ಎತ್ಕಂಡಾಂಗೆ ಎಂತಕ್ ನಿಂತದ್? ಕೆಳ್ಗ್ ಇಡಿ," ಎನ್ನುತ್ತಾರೆ ಜಲಜ. "ಟೈರ್ ಎಲ್ಲಿಗೂ ಓಡಿ ಹೋತಿಲ್ಲ."

"ಟೈರ್ ಹೋತಿಲ್ಲ. ಕೈ ಹೋತ್ತ್."

ಅಶೋಕ್ ಹತ್ತಿರ ಬಂದು ನಗುತ್ತ, "ದುಗ್ಗಣ್ಣ, ಈ ಸಲ ಕೈಗೆ ಬೀಗ ಹಾಕಿಯೇ ಬಂದದ್ದಾ?" ಎನ್ನುತ್ತಾರೆ.

"ಹೌದ್. ಸಮಾ ಭಾರದ ಬೀಗ. ಬೇಕಾರೆ ಒಂದ್ ಗಳಿಗೆ ಹಿಡ್ದ್ ಕಾಣಿ."

ಅಶೋಕರ ನಗು ಅಲ್ಲಿಗೇ ನಿಲ್ಲುತ್ತದೆ. ಆ ಕೈಗಳು ಬೇಡಿ ತೊಡಿಸಿದಂತೆ ಟೈರಿನ ಸುತ್ತ ಹೆಣೆದುಕೊಂಡಿರುವುದನ್ನು ಅವರೂ ನೋಡಿದರೆಂದು ಕಾಣುತ್ತದೆ.

ಮೊದಲ ಓಟ ಸಲೀಸಾಗಿ ಮುಗಿಯುತ್ತದೆ. ತಿರುವುಗಳಲ್ಲಿ ಕಾರು ನೆಲಕ್ಕೆ ಅಂಟಿಕೊಂಡಂತೆ ತಿರುಗುತ್ತದೆ; ಅದೆಲ್ಲ ದುಗ್ಗಪ್ಪನವರ ಕೈಯ ಕೆಲಸ, ನಿಯಮದೊಳಗಿನ ಕೆಲಸ. ಆದರೆ ಕೊನೆಯಲ್ಲಿ ಮುರಕಲ್ಲಿನ ಏರೊಂದಿದೆ. ಅಲ್ಲಿ ಎಂಜಿನ್ನಿನ ದನಿ ಕುಗ್ಗುತ್ತದೆ, ಕಾರು ಏದುಸಿರು ಬಿಟ್ಟುಕೊಂಡು ಹತ್ತುತ್ತದೆ. "ಅಲ್ಲಿ ಕಾಣಿ, ದಮ್ ಸಾಲುದಿಲ್ಲ," ಎಂದು ಅವರು ಗೊಣಗುತ್ತಾರೆ. ಯಾರಿಗೆ ಹೇಳಿದ್ದೋ ತಿಳಿಯದು.

ಬಿಡುವಿನಲ್ಲಿ ಬಾನೆಟ್ಟು ತೆರೆದುಕೊಂಡಿದೆ. ನಿಖಿತಾ ಒಬ್ಬಳೇ ಬಾಗಿ ಕ್ಲಿಪ್ಪುಗಳನ್ನು ನೋಡುತ್ತಿದ್ದಾಳೆ. ಸ್ಪ್ಯಾನರ್ ಅವಳ ಪಕ್ಕದಲ್ಲಿ, ಗೋಣಿಯ ಮೇಲಿದೆ. ಟೈರು ಹೊತ್ತ ದುಗ್ಗಪ್ಪನವರು ಮೊದಲು ಒಂದು ಹೆಜ್ಜೆ ಮುಂದಕ್ಕಿಡುತ್ತಾರೆ. ಅನಂತರ ತಿರುಗಿ ಬಯಲಿನ ಅಂಚಿನವರೆಗೂ ನಡೆದುಹೋಗಿ, ಒಂದು ಗೇರುಮರದ ಬಳಿ ಕಾರಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ನಿಖಿತಾ ತಲೆಯೆತ್ತಿ ನೋಡುತ್ತಾಳೆ. ಮತ್ತೆ ಕ್ಲಿಪ್ಪುಗಳ ಮೇಲೆ ಬಾಗುತ್ತಾಳೆ.

ಎರಡನೆಯ ಓಟದ ಬಾವುಟ ಬೀಳುತ್ತದೆ. ಜಲಜ ಮತ್ತು ನಾನು ಗೇರುಮರದ ಬಳಿಗೆ ಹೋಗಿ ಅವರ ಎರಡೂ ಬದಿಗೆ ನಿಲ್ಲುತ್ತೇವೆ. ಈಗ ಅವರು ಇತ್ತ ತಿರುಗಿದ್ದಾರೆ. ಟೈರು ಇಂಚಿಂಚಾಗಿ ಕೆಳಗಿಳಿಯುತ್ತದೆ, ಅವರು ಮೊಣಕಾಲು ಕೊಟ್ಟು ಮತ್ತೆ ಮೇಲೆತ್ತಿಕೊಳ್ಳುತ್ತಾರೆ. ಕಾರು ಕಂಬಗಳನ್ನು ಬಳಸುತ್ತದೆ, ಕೆಂಪು ಧೂಳು ಏಳುತ್ತದೆ, ಕಾರು ಕೊನೆಯ ಏರಿಗೆ ಮುಖ ಮಾಡುತ್ತದೆ. ಎಂಜಿನ್ನಿನ ದನಿ ಕುಸಿಯುತ್ತದೆ. ದುಗ್ಗಪ್ಪನವರು ಕಣ್ಣು ಮುಚ್ಚುತ್ತಾರೆ. ಆ ಮುಚ್ಚಿದ ಕಣ್ಣಿನೊಳಗೆ ಯಾವ ನೀರು, ಯಾವ ತೆರೆ ಇತ್ತೆಂದು ಬರೆಯುವ ಧೈರ್ಯ ನನಗಿಲ್ಲ. ಎಂಜಿನ್ನಿನ ದನಿ ಇನ್ನಷ್ಟು ಕುಸಿಯುತ್ತದೆ, ಒಂದು ಕ್ಷಣ ನಿಂತೇಹೋದಂತೆ ಕೇಳುತ್ತದೆ, ಆಮೇಲೆ ನಿಧಾನವಾಗಿ ಬಿಡಿಸಿಕೊಳ್ಳುತ್ತದೆ.

"ದಾಟ್ತ್, ಭಾವ," ಎನ್ನುತ್ತಾರೆ ಜಲಜ. "ಕಣ್ಣ್ ಬಿಡಿ."

ನಿಖಿತಾಳಿಗೆ ನಾಲ್ಕನೆಯ ಸ್ಥಾನ. ಬಹುಮಾನ ಮೂರಕ್ಕೇ ಮುಗಿಯುತ್ತದೆ. ಜನ ಗೆದ್ದ ಕಾರುಗಳ ಕಡೆಗೆ ಹೋಗುತ್ತಾರೆ. ನಾಲ್ಕನೆಯವರ ಕಾರನ್ನು ಪರೀಕ್ಷಿಸಬೇಕೆಂಬ ನಿಯಮವೇನೂ ಇಲ್ಲ. ಆದರೂ ನಿಖಿತಾ ಹೋಗಿ ಅಶೋಕರನ್ನು ಕರೆತರುತ್ತಾಳೆ. ಅವರು ಟಾರ್ಚ್ ಹಿಡಿದು ಬಾಗುತ್ತಾರೆ. ದುಗ್ಗಪ್ಪನವರು ದೂರದಲ್ಲೇ ನಿಂತು, ಇನ್ನೂ ಟೈರು ಇಳಿಸದೆ ಕಾಯುತ್ತಾರೆ.

"ಗೆರೆ ಸಮಾ ಇತ್ತ್," ಎನ್ನುತ್ತಾರೆ ಅಶೋಕ್, ಸುತ್ತಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ. "ಹಾಕ್ದಾಂಗೇ ಇತ್ತ್."

ನಿಖಿತಾ ಬಾನೆಟ್ಟು ಮುಚ್ಚುತ್ತಾಳೆ. ನಡೆದು ಗೇರುಮರದ ಬಳಿಗೆ ಬರುತ್ತಾಳೆ. ದೊಡ್ಡಪ್ಪನ ಎದುರು ನಿಂತು ಎರಡೂ ಕೈ ಚಾಚುತ್ತಾಳೆ.

"ಹ್ವಾಯ್. ಕೈ ಸೋತ್ ಹೋಯ್ತಾ? ಇಲ್ಲಿ ಕೊಡಿ."

ಬೆರಳುಗಳು ಮರಗಟ್ಟಿ ಬಿಡಿಸಿಕೊಳ್ಳಲು ಬರುವುದಿಲ್ಲ. ಅವಳೇ ಒಂದೊಂದಾಗಿ ಬಿಡಿಸುತ್ತಾಳೆ. ಟೈರನ್ನು ಉರುಳಿಸಿಕೊಂಡು ಡಿಕ್ಕಿಯ ಕಡೆಗೆ ಹೋಗುತ್ತಾಳೆ. ದುಗ್ಗಪ್ಪನವರ ಬಿಳಿ ಅಂಗಿಯ ಎದೆಯ ಮೇಲೆ ಟೈರಿನ ಕರಿಯ ಅಚ್ಚು ಬಿದ್ದಿದೆ.

ಇಂಥ ಲೇಖನದ ಕೊನೆಗೆ, ತಮಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳುವುದು ವಾಡಿಕೆ. ನಾನೂ ಕೇಳುತ್ತೇನೆ. ಅವರು ಬಲಗೈಯನ್ನು ಎಡಗೈಯಿಂದ ತಿಕ್ಕುತ್ತ ಡಿಕ್ಕಿಯ ಕಡೆ ನೋಡುತ್ತಾರೆ.

"ಎಂತ ಆಸೆ ಮಾರಾಯ್ರೆ," ಎನ್ನುತ್ತಾರೆ. "ಅರ್ಧ ಸುತ್ತ್ ಇಲ್ದೆ ಹೋಯಿ, ವಾಪಾಸ್ ಬಂದ್ಲ್. ನಾ ಇಲ್ಲೇ ನಿಂತಿದ್ದೆ. ಅಷ್ಟ್ ಸಾಕ್."

ಬಂಗುಡೆ ಸಾರಿನ ಊಟ ಮುಗಿಸಿ ನಾನು ಜೋಳಿಗೆಗೆ ನನ್ನ ಪುಸ್ತಕ, ಪೆನ್ನು, ಟವೆಲುಗಳನ್ನು ತುಂಬಿಕೊಳ್ಳುತ್ತೇನೆ. ಸಾಸ್ತಾನದವರೆಗೆ ಜಾಗವಿದೆ ಬನ್ನಿ ಎಂದು ಜಲಜ ಕರೆಯುತ್ತಾರೆ. ನನ್ನ ದಾರಿ ಇನ್ನೂ ಬಡಗಲಿಗೆ. ಭಟ್ಕಳದ ಬಸ್ಸು ಹಿಡಿಯಬೇಕು. ಕೈಮುಗಿದು 'ಹೋಗಿಬರುತ್ತೇನೆ' ಎಂದು ಬೈಂದೂರಿನ ಕಡೆಗೆ ಹೊರಡುವವನು ಒಮ್ಮೆ ತಿರುಗಿ ನೋಡುತ್ತೇನೆ. ದುಗ್ಗಪ್ಪನವರು ಕಾರು ಹತ್ತುತ್ತಿದ್ದಾರೆ. ಬೆಳಿಗ್ಗೆ ಕುಳಿತಿದ್ದ ಅದೇ ಬಲಗಡೆಯ ಸೀಟು. ಮರಳುವ ದಾರಿಯಲ್ಲಿ, ಮರವಂತೆಯಲ್ಲಿ, ಆ ಬದಿಗೆ ಬರುವುದು ಹೊಳೆಯಲ್ಲ, ಕಡಲು. ಅವರು ಅದನ್ನು ಅರಿತೇ ಕುಳಿತರೋ, ದಣಿದು ಮರೆತರೋ, ನಾನು ಕೂಗಿ ಕೇಳಲಿಲ್ಲ. ಜೋಳಿಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ನಡೆದೆ.